ಪಾದ್ರಿ ಹತ್ರ ಪಾಪ ಹೇಳ್ಕೊಂಡ್ರೆ ಎಲ್ಲಾ ಮಾಫ್ ಆಗ್ತದಾ? ಮತ್ತೆ ಅದೇ ಮಾಡಿದ್ರೆ?

ಇಲ್ಲ, ಹಾಗೆ ಸುಲಭಕ್ಕೆ ಮುಗಿಯೋದಲ್ಲ. ನಮ್ ಕಾರವಾರ, ಹೊನ್ನಾವರ ಕಡೆ ಕೊಂಕಣಿ ಕ್ಯಾಥೊಲಿಕರು ಇದಕ್ಕೆ ಕುಮ್ಸಾರ್ ಅಂತಾರೆ. ಅದರಲ್ಲಿ ಮೊದ್ಲು ಬೇಕಾಗೋದು ಪಶ್ಚಾತ್ತಾಪ, ಮತ್ತೆ ಮಾಡೋದಿಲ್ಲ ಅನ್ನೋ ಗಟ್ಟಿ ಮನಸ್ಸು, ಆಮೇಲೆ ಬಾಯಿಬಿಟ್ಟು ಹೇಳೋದು, ಫಾದರ್ ದೇವರ ಹೆಸರಲ್ಲಿ ಕ್ಷಮೆ ಕೊಡೋದು, ಕೊನೆಗೆ ಪ್ರಾಯಶ್ಚಿತ್ತ. ಮುಂದಿನ ವಾರನೂ ಅದೇ ಮಾಡ್ತೇನೆ ಅಂತ ಲೆಕ್ಕ ಹಾಕ್ಕೊಂಡೇ ಹೋದ್ರೆ ಆ ಕ್ಷಮೆ ಊರ್ಜಿತ ಅಲ್ಲ ಅಂತ ಚರ್ಚೇ ಹೇಳ್ತದೆ, ಆದ್ರೆ ನಿಜವಾಗ್ಲೂ ಬಿಡ್ಬೇಕಂತಿದ್ದು ಮತ್ತೆ ಜಾರಿದ್ರೆ ಎಷ್ಟು ಸಲ ಬೇಕಾದ್ರೂ ಬರ್ಬಹುದು.

ಬದಲಾವಣೆ ಅಂದ್ರೆ ಏನು ಅಂತ ನೋಡೋಕೆ ಬೈಬಲಿನ ಲೂಕನ ಸುವಾರ್ತೆ 19ನೇ ಅಧ್ಯಾಯದ ಜಕ್ಕಾಯನ ಕಥೆ ಓದಿ. ಸುಂಕದವರ ಮುಖ್ಯಸ್ಥ, ಕುಳ್ಳ, ಯೇಸುನ ನೋಡೋಕೆ ಮರ ಹತ್ತಿದವ. ಯೇಸು ಅವನಿಗೆ ಬೈಲಿಲ್ಲ, ನಿನ್ ಮನೇಲಿ ಉಳ್ಕೊಳ್ತೇನೆ ಅಂದ, ಅಷ್ಟಕ್ಕೇ ಆ ಮನುಷ್ಯ ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿ ತಗೊಂಡಿದ್ರೆ ನಾಲ್ಕರಷ್ಟು ವಾಪಸ್ ಅಂತ ನಿಂತ್ಕೊಂಡು ಹೇಳ್ದ. ಪ್ರೀತಿ ಮೊದ್ಲು ಬಂತು, ತಿದ್ದಿಕೊಳ್ಳೋದು ಆಮೇಲೆ, ನಂಗೆ ಇದೇ ಇಡೀ ವಿಷಯದ ತಿರುಳು ಅನ್ಸ್ತದೆ. ಹಾಗಾಗಿ ಬೋಟಿನ ಪಾಲಿನಲ್ಲಿ ಜೊತೆಗಾರನ ದುಡ್ಡು ಹೊಡೆದವ ಬರೀ ಪ್ರಾರ್ಥನೆ ಹೇಳಿದ್ರೆ ಸಾಲೋದಿಲ್ಲ, ದುಡ್ಡು ವಾಪಸ್ ಕೊಡ್ಬೇಕು. (ಕೇಳಿದ್ದನ್ನ ಫಾದರ್ ಯಾರಿಗೂ, ಪೊಲೀಸರಿಗೂ ಹೇಳೋ ಹಾಗಿಲ್ಲ, ಆ ಹೆದರಿಕೆ ಬೇಡ.)

ಪ್ರೊಟೆಸ್ಟಂಟರಲ್ಲಿ ಹೆಚ್ಚಿನವರು ಪಾದ್ರಿ ಇಲ್ದೇ ನೇರ ದೇವರ ಹತ್ರನೇ ಅರಿಕೆ ಮಾಡ್ತಾರೆ, ಆದ್ರೆ ಬೈಬಲಿನಲ್ಲಿ ಪಶ್ಚಾತ್ತಾಪದ ಪ್ರಾರ್ಥನೆಯಾಗಿರೋ 51ನೇ ಕೀರ್ತನೆನ ಎರಡೂ ಕಡೆಯವರು ಓದ್ತಾರೆ.