ಅರಚಾಟ, ಅಪಾರ್ಥ ಇಲ್ಲದ ಚೀನೀ ಡ್ರಾಮಾ ಬೇಕಾ?

ಕೈಹಿಡಿದು ಎಳೆದಾಡುವ ಹೀರೋ, ಮುಗಿಯದ ಅಪಾರ್ಥ ಎರಡೂ ಇಲ್ಲದ, ಜೋಡಿ ಒಬ್ಬರಿಗೊಬ್ಬರು ಆಸರೆಯಾಗುವ ಚೀನೀ ಡ್ರಾಮಾ ಕೇಳಿದ್ದೀರಿ. ನನ್ನ ಓಟು 2021ರ ‘ಯು ಆರ್ ಮೈ ಗ್ಲೋರಿ’ಗೆ. ಇದರಲ್ಲಿ ದಿಲ್‌ರಬಾದು ಹೆಸರಾಂತ ನಟಿಯ ಪಾತ್ರ, ಯಾಂಗ್ ಯಾಂಗ್‌ದು ಬಾಹ್ಯಾಕಾಶ ಎಂಜಿನಿಯರ್ ಪಾತ್ರ. ಜಾಹೀರಾತಿನಲ್ಲಿ ತಾನೇ ಪ್ರಚಾರ ಮಾಡುವ ಮೊಬೈಲ್ ಗೇಮ್ ಆಡಲು ಬರದೆ ಅವಳು ಪೇಚಿಗೆ ಸಿಕ್ಕಾಗ ಅವನು ಕೂತು ಕಲಿಸುತ್ತಾನೆ. ಮನೆಯ ದುಡ್ಡಿನ ಚಿಂತೆಗೆ ಅವನು ಇಷ್ಟದ ಕೆಲಸ ಬಿಟ್ಟು ಬ್ಯಾಂಕಿಂಗ್ ಕಡೆ ಹೊರಟಾಗ ಅವಳು ಅವನ ಕನಸಿನ ಪರ ನಿಲ್ಲುತ್ತಾಳೆ. ಅವಳ ಸಂಪಾದನೆ ತನಗಿಂತ ಎಷ್ಟೋ ಜಾಸ್ತಿ ಅನ್ನೋದು ಮೊದಲು ಅವನನ್ನು ಹಿಂಜರಿಯುವಂತೆ ಮಾಡುತ್ತದೆ. ಸಹಜ ಅಲ್ವಾ? ಆದರೆ ಅದನ್ನು ಅವಳ ಮೇಲೆ ಸಿಟ್ಟಾಗಿ ತೀರಿಸಿಕೊಳ್ಳುವುದಿಲ್ಲ, ನನಗೆ ಹಿಡಿಸಿದ್ದೇ ಅದು. ಗೇಮಿನ ದೃಶ್ಯಗಳು ಮಾತ್ರ ಸ್ವಲ್ಪ ಅತಿಯಾಯ್ತು, ಸುಮ್ನೆ ಓಡಿಸಿಬಿಡಿ. ಇನ್ನೂ ನಿಧಾನದ ಕಥೆ ಬೇಕಾದರೆ 2023ರ ‘ಮೀಟ್ ಯುವರ್‌ಸೆಲ್ಫ್’ ಇದೆ, ಚೀನಾದ ಯುನ್ನಾನ್ ಪ್ರಾಂತ್ಯದ ದಾಲಿಯಲ್ಲಿ ನಡೆಯುವಂಥದ್ದು.