ಓಡಿದರೆ ಕಾರ್ಟಿಸೋಲ್ ಏರುತ್ತದೆ, ಹಾಗಾದರೆ ನಾಯಿಯನ್ನು ದಿನಾ ಓಡಿಸುವುದು ತಪ್ಪಾ?

ಓಡಿದಾಗ ನಾಯಿಯ ಮೈಯಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಏರುತ್ತದೆ, ಕಾರ್ಟಿಸೋಲ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ, ಹಾಗಿದ್ದ ಮೇಲೆ ಓಡಿಸುವುದು ತಪ್ಪಲ್ವಾ ಅಂತ ಕೇಳಿದ್ದೀರಿ. ನೀವು ಓದಿದ ಎರಡೂ ಮಾತು ನಿಜ. ಆದರೂ ಓಡಿಸುವುದು ತಪ್ಪಲ್ಲ. ಏರಿದ ಹಾರ್ಮೋನು ಎಷ್ಟು ಬೇಗ ಇಳಿಯುತ್ತದೆ ಅನ್ನುವುದನ್ನು ನೋಡಬೇಕು. ನಾನು ಪ್ರಾಣಿಗಳ ಶರೀರಕ್ರಿಯೆ ಪಾಠ ಮಾಡುವವನು. ನನ್ನ ವಿದ್ಯಾರ್ಥಿಗಳೂ ಇದನ್ನೇ ಮತ್ತೆ ಮತ್ತೆ ಕೇಳುತ್ತಾರೆ.

ಓಟ ಶುರುವಾದ ಕೂಡಲೇ ಏರುವುದು ಅಡ್ರಿನಲಿನ್, ಅದೂ ಒತ್ತಡದ ಹಾರ್ಮೋನೇ. ಗುಲ್ಮದಲ್ಲಿ, ರಕ್ತನಾಳಗಳ ಒಳಗೋಡೆಯಲ್ಲಿ ತಂಗಿದ್ದ ಬಿಳಿ ರಕ್ತಕಣಗಳು ಕೆಲವೇ ನಿಮಿಷಗಳಲ್ಲಿ ಹರಿಯುವ ರಕ್ತಕ್ಕೆ ಬರುತ್ತವೆ. ಹಿಂದೆಯೇ ಕಾರ್ಟಿಸೋಲ್ ಏರುತ್ತದೆ. ಆಗ ಲಿಂಫೋಸೈಟ್ ಎಂಬ ಬಗೆಯ ಬಿಳಿ ರಕ್ತಕಣಗಳು ರಕ್ತ ಬಿಟ್ಟು ಚರ್ಮ, ಶ್ವಾಸಕೋಶ, ಮೂಳೆಮಜ್ಜೆಯ ಕಡೆ ಹೊರಡುತ್ತವೆ. ಜೋರಾದ ಓಟ ಮುಗಿದ ಒಂದೆರಡು ಗಂಟೆಯಲ್ಲಿ ರಕ್ತ ತೆಗೆದು ಎಣಿಸಿದರೆ ಅವು ಕಡಿಮೆ ಕಾಣುವುದು ಇದಕ್ಕೇ. ಕಣಗಳು ಸತ್ತವು, ಶಕ್ತಿ ಕುಸಿಯಿತು ಅಂತ ತುಂಬಾ ಕಾಲ ತಿಳಿದಿದ್ದರು. ಬಹುಪಾಲು ಕಣಗಳು ಬರೀ ಜಾಗ ಬದಲಿಸಿ ಕಾವಲಿಗೆ ಹೋಗಿರುತ್ತವೆ. ಓಡಿ ತಪ್ಪಿಸಿಕೊಳ್ಳುವ ಪ್ರಾಣಿಗೆ ಗಾಯ ಆಗುವುದು ಚರ್ಮಕ್ಕೆ ತಾನೆ?

2016ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದು ನನಗೆ ಬಹಳ ಇಷ್ಟ. ಚಕ್ರದಲ್ಲಿ ಓಡುವ ಇಲಿಗಳಲ್ಲಿ ಕ್ಯಾನ್ಸರ್ ಗಡ್ಡೆಗಳು ಶೇ 60ಕ್ಕೂ ಜಾಸ್ತಿ ತಗ್ಗಿದವು. ಕೆಟ್ಟ ಕಣಗಳನ್ನು ಕೊಲ್ಲುವ ನ್ಯಾಚುರಲ್ ಕಿಲ್ಲರ್ ಎಂಬ ಬಿಳಿ ರಕ್ತಕಣಗಳು ಗಡ್ಡೆಯೊಳಕ್ಕೆ ನುಗ್ಗಿದ್ದವು. ಅಡ್ರಿನಲಿನ್ ಕೆಲಸ ಮಾಡದಂತೆ ಔಷಧಿ ಕೊಟ್ಟಾಗ ಓಟದ ಈ ಲಾಭ ಸಿಗಲಿಲ್ಲ. ಅಂದರೆ ಆ ಇಲಿಗಳನ್ನು ಕಾಪಾಡಿದ್ದೇ ಒತ್ತಡದ ಹಾರ್ಮೋನು.

ಹಾರ್ಮೋನು ಇಳಿಯದೇ ಉಳಿದರೆ ಕಥೆ ಬೇರೆ. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳಿಗೆ ಚಳಿ, ಗಾಯ, ವಿಪರೀತ ದುಡಿತ ಹೀಗೆ ನಾನಾ ಬಗೆಯ ಕಷ್ಟ ಕೊಟ್ಟು ನೋಡಿದರು. ಕಷ್ಟ ಯಾವುದೇ ಆಗಲಿ, ಒಳಗೆ ಕಂಡದ್ದು ಒಂದೇ: ಈ ಹಾರ್ಮೋನುಗಳನ್ನು ಸುರಿಸುವ ಅಡ್ರಿನಲ್ ಗ್ರಂಥಿ ಊದಿತ್ತು, ರೋಗನಿರೋಧಕ ಕಣಗಳ ನೆಲೆಗಳಾದ ಥೈಮಸ್ ಮತ್ತು ದುಗ್ಧಗ್ರಂಥಿಗಳು ಕುಗ್ಗಿದ್ದವು, ಹೊಟ್ಟೆಯಲ್ಲಿ ಹುಣ್ಣಾಗಿತ್ತು. ನಾಯಿಗಳಲ್ಲೇ ಉದಾಹರಣೆ ಬೇಕೆಂದರೆ ಕುಶಿಂಗ್ಸ್ ಕಾಯಿಲೆ ಇದೆ. ವಯಸ್ಸಾದ ನಾಯಿಗಳಿಗೆ ಬರುವ ಈ ಕಾಯಿಲೆಯಲ್ಲಿ ಕಾರ್ಟಿಸೋಲ್ ಸದಾ ಜಾಸ್ತಿ. ಚರ್ಮದ ಸೋಂಕು, ಮೂತ್ರದ ಸೋಂಕು ಬಿಟ್ಟೂ ಬಿಡದೆ ಕಾಡುತ್ತವೆ.

ಎಲ್ಲಕ್ಕಿಂತ ಘೋರ ಆಸ್ಟ್ರೇಲಿಯಾದ ಆಂಟೆಕೈನಸ್‌ನದು. ಇಲಿಯಂತೆ ಕಾಣುವ, ಹುಳು ತಿಂದು ಬದುಕುವ ಪುಟ್ಟ ಪ್ರಾಣಿ ಇದು. ಗಂಡುಗಳಿಗೆ ಬಾಳಿನಲ್ಲಿ ಒಂದೇ ಬೆದೆಗಾಲ, ಅದೂ ಕೆಲವೇ ವಾರ. ಒಂದೊಂದು ಕೂಡಾಟ ಗಂಟೆಗಟ್ಟಲೆ ನಡೆಯುತ್ತದೆ. ಕಾರ್ಟಿಸೋಲ್ ಏರುತ್ತಲೇ ಹೋಗುತ್ತದೆ, ಅದಕ್ಕೆ ಕಡಿವಾಣ ಹಾಕುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ಹೊಟ್ಟೆಯಲ್ಲಿ ರಕ್ತ ಒಸರುತ್ತದೆ, ಪರೋಪಜೀವಿಗಳು ಮುತ್ತುತ್ತವೆ, ಗಂಡುಗಳೆಲ್ಲ ಸತ್ತೇ ಹೋಗುತ್ತವೆ. ಬೆದೆಗಾಲಕ್ಕೆ ಮುಂಚೆ ಬೀಜ ತೆಗೆದ ಗಂಡುಗಳು ಮಾತ್ರ ಬದುಕಿ ಉಳಿಯುತ್ತವೆ.

ಇನ್ನೊಂದು ವಿಷಯ: ಓಡಬೇಕು ಅಂತ ಪ್ರಾಣಿಗೇ ಅನಿಸಿತ್ತೇ? ತಾವಾಗಿ ಚಕ್ರದಲ್ಲಿ ಓಡುವ ಇಲಿಗಳಿಗೆ ಆಮೇಲೆ ಒತ್ತಡ ಕೊಟ್ಟರೂ ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳು ಕುಸಿಯುವುದಿಲ್ಲ. ಟ್ರೆಡ್‌ಮಿಲ್ ಮೇಲೆ ಬಲವಂತವಾಗಿ ಓಡಿಸಿದ ಇಲಿಗಳಲ್ಲಿ ಸೆಲ್ಯೆ ಕಂಡಂತೆ ಊದಿದ ಅಡ್ರಿನಲ್, ಕುಗ್ಗಿದ ಥೈಮಸ್ ಕಾಣಿಸಿಕೊಂಡಿವೆ. ಎರಡೂ ಓಟವೇ, ಅಲ್ವಾ?

ಹಾಗಾಗಿ ನಿಮ್ಮ ನಾಯಿ ಬಾಲ ಆಡಿಸುತ್ತಾ ಮುಂದೆ ಓಡುತ್ತಿದ್ದರೆ ಸುಮ್ನೆ ಚಿಂತೆ ಬೇಡ. ಹಿಂದೆ ಬಿದ್ದು ಹಗ್ಗ ಎಳೆಸಿಕೊಳ್ಳುತ್ತಿದ್ದರೆ ಅವತ್ತಿನ ಓಟ ಅಲ್ಲಿಗೇ ನಿಲ್ಲಿಸಿ. ಜ್ವರ ಇದ್ದಾಗ ಖಂಡಿತ ಓಡಿಸಬೇಡಿ. ಫ್ಲೂ ತಗಲಿದ ಇಲಿಗಳನ್ನು ಸುಸ್ತಾಗುವ ತನಕ ಓಡಿಸಿದಾಗ ಕಾಯಿಲೆ ಹೆಚ್ಚಿತ್ತು. ರಕ್ತಪರೀಕ್ಷೆ ಮಾಡಿಸುವುದಿದ್ದರೆ ನಾಯಿ ಚೆನ್ನಾಗಿ ವಿಶ್ರಾಂತಿ ಪಡೆದ ಮೇಲೆ ಹೋಗಿ. ಓಟದ ಬೆನ್ನಿಗೇ ತೆಗೆದ ರಕ್ತವಾದರೆ ಅದನ್ನು ವೈದ್ಯರಿಗೆ ತಪ್ಪದೇ ಹೇಳಿ.