ಪಾಸ್‌ಪೋರ್ಟ್‌ನಲ್ಲಿ ಇನ್ನೂ ಐದೂವರೆ ತಿಂಗಳಿದೆ, ಸಾಲದೇ?

ಹೊರಡುವ ಮುನ್ನ: ಓದುಗರ ಪ್ರಶ್ನೆಗಳಿಗೆ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರ ಉತ್ತರ

ಪ್ರಶ್ನೆ: ಅಕ್ಟೋಬರ್ 5ಕ್ಕೆ ನಾನು ಮತ್ತು ನಮ್ಮ ಯಜಮಾನರು ಸಿಂಗಾಪುರದ ಮಗನ ಮನೆಗೆ ಹೊರಟಿದ್ದೇವೆ. 25ಕ್ಕೆ ವಾಪಸ್. ನನ್ನ ಪಾಸ್‌ಪೋರ್ಟ್ ಬರುವ ಮಾರ್ಚ್ 20ರವರೆಗೆ ಇದೆ. ಟಿಕೆಟ್ ಆಗಿದೆ, ವೀಸಾ ಇನ್ನೂ ಆಗಿಲ್ಲ. ಈಗ ಸೊಸೆ ಫೋನ್ ಮಾಡಿ, 'ಅತ್ತೆ, ಆರು ತಿಂಗಳು ಇರಬೇಕಂತೆ' ಎನ್ನುತ್ತಿದ್ದಾಳೆ. ಇಪ್ಪತ್ತು ದಿನದ ಪ್ರವಾಸಕ್ಕೆ ಐದೂವರೆ ತಿಂಗಳು ಸಾಲದೇ?
– ಗೃಹಿಣಿ, ದಾವಣಗೆರೆ

ಸಾಲದು ಅಮ್ಮಾ. ಸೊಸೆ ಹೇಳಿದ್ದು ಸರಿ. ಸಿಂಗಾಪುರದಲ್ಲಿ ಇಳಿಯುವ ದಿನ ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಆಯಸ್ಸು ಉಳಿದಿರಬೇಕು. ಅಕ್ಟೋಬರ್ 5ರಿಂದ ಎಣಿಸಿದರೆ ಏಪ್ರಿಲ್ 5 ಆಗುತ್ತದೆ. ನಿಮಗೆ ಹದಿನಾರು ದಿನ ಕಡಿಮೆ. ಹದಿನಾರೇ ದಿನ ತಾನೇ ಅಂತ ಯಾರೂ ಬಿಡುವುದಿಲ್ಲ. ಒಂದು ದಿನ ಕಡಿಮೆ ಇದ್ದರೂ ಅಷ್ಟೇ.

ಸಿಂಗಾಪುರದವರೆಗೆ ಹೋಗಿ ಅಲ್ಲಿ ಕೇಳಿಕೊಂಡರಾಯಿತು ಎಂದು ಸುಮಾರು ಜನ ಅಂದುಕೊಂಡಿರುತ್ತಾರೆ. ಅಲ್ಲಿಯವರೆಗೆ ಬಿಡುವವರು ಯಾರು? ದೇವನಹಳ್ಳಿಯ ಚೆಕ್-ಇನ್ ಕೌಂಟರಿನಲ್ಲೇ ತಡೆಯುತ್ತಾರೆ. ನಾನು ಕೂತಿದ್ದ ಕುರ್ಚಿ ಅದು. ಕೌಂಟರಿನಲ್ಲಿರುವವರು ನೋಡುವುದು ಟೈಮ್ಯಾಟಿಕ್ ಎಂಬ ಮಾಹಿತಿ ವ್ಯವಸ್ಥೆಯನ್ನು. ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಟಿಎ ಅದನ್ನು ನಡೆಸುತ್ತದೆ. ಯಾವ ದೇಶದ ಪಾಸ್‌ಪೋರ್ಟ್ ಇರುವವರು ಯಾವ ದೇಶಕ್ಕೆ ಹೋಗಲು ಏನೇನು ಬೇಕು ಎಂಬುದು ಅದರಲ್ಲಿರುತ್ತದೆ. ಕಾಗದ ಸರಿಯಿಲ್ಲದ ಪ್ರಯಾಣಿಕರನ್ನು ಕರೆದೊಯ್ದರೆ ವಿಮಾನ ಸಂಸ್ಥೆಯೇ ಅವರನ್ನು ವಾಪಸ್ ತರಬೇಕು. ಹಲವು ದೇಶಗಳು ದಂಡವನ್ನೂ ಹಾಕುತ್ತವೆ. ಹಾಗಾಗಿ ಕೌಂಟರಿನಲ್ಲಿ ಅತ್ತರೂ ಬೈದರೂ ಬೋರ್ಡಿಂಗ್ ಪಾಸ್ ಬರುವುದಿಲ್ಲ. ಎರಡನ್ನೂ ಬೇಕಾದಷ್ಟು ನೋಡಿದ್ದೇನೆ.

'ಹಾಗಾದರೆ ಟಿಕೆಟ್ ಯಾಕೆ ಕೊಟ್ಟರು?' ಎಂದು ಕೇಳುತ್ತೀರಿ. ಟಿಕೆಟ್ ಮಾರುವಾಗ ಸಾಮಾನ್ಯವಾಗಿ ಇದನ್ನು ಯಾರೂ ನೋಡುವುದಿಲ್ಲ. ಪಾಸ್‌ಪೋರ್ಟ್ ನೋಡಿಕೊಳ್ಳುವುದು ಪ್ರಯಾಣಿಕರ ಜವಾಬ್ದಾರಿ ಎಂದು ಟಿಕೆಟಿನ ಷರತ್ತುಗಳಲ್ಲೇ ಇರುತ್ತದೆ. ಅದನ್ನು ಓದುವವರು ಯಾರು, ಅಲ್ವಾ?

ಈ ನಿಯಮ ಸುಮ್ನೆ ಮಾಡಿದ್ದಲ್ಲ. ಹೋದವರು ಕಾಯಿಲೆ ಬಿದ್ದು ಆಸ್ಪತ್ರೆ ಸೇರಬಹುದು, ವಿಮಾನಗಳೇ ನಿಂತುಹೋಗಬಹುದು. 2020ರಲ್ಲಿ ಎಷ್ಟು ಜನ ತಿಂಗಳುಗಟ್ಟಲೆ ಸಿಕ್ಕಿಕೊಂಡರು, ನೆನಪಿದೆಯಲ್ಲ. ಅಂಥ ಹೊತ್ತಿನಲ್ಲಿ ಪಾಸ್‌ಪೋರ್ಟ್ ಮುಗಿದವರನ್ನು ಇಟ್ಟುಕೊಳ್ಳಲು ಯಾವ ದೇಶಕ್ಕೂ ಇಷ್ಟವಿಲ್ಲ.

ಈಗ ಮಾಡಬೇಕಾದದ್ದು. ಪಾಸ್‌ಪೋರ್ಟ್ ಮುಗಿಯಲು ಒಂದು ವರ್ಷ ಇರುವಾಗಲೇ ಹೊಸದಕ್ಕೆ ಅರ್ಜಿ ಹಾಕಬಹುದು, ಹಾಗಾಗಿ ಇವತ್ತೇ ಹಾಕಿ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ 'ರೀ-ಇಶ್ಯೂ' ಆರಿಸಿಕೊಳ್ಳಿ. ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇದೆಯೇ ನೋಡಿ. ಅದೇ ಥರ ಕಾಣುವ ನಕಲಿ ತಾಣಗಳಿವೆ, ಅವು ಜಾಸ್ತಿ ದುಡ್ಡು ಕೇಳುತ್ತವೆ. ದೊಡ್ಡವರಿಗೆ 36 ಪುಟದ ಪುಸ್ತಕಕ್ಕೆ ಶುಲ್ಕ 1500 ರೂಪಾಯಿ, 60 ಪುಟದ್ದಕ್ಕೆ 2000. ತತ್ಕಾಲ್ ಆದರೆ ಇನ್ನೂ 2000 ಸೇರುತ್ತದೆ. ಹಳೆಯದರಲ್ಲಿ ಉಳಿದ ತಿಂಗಳುಗಳು ಹೊಸದಕ್ಕೆ ಸೇರುವುದಿಲ್ಲ. ಹೋಗಲಿ ಬಿಡಿ, ಟಿಕೆಟ್ ದುಡ್ಡಿನ ಮುಂದೆ ಅದೇನು ಮಹಾ.

ವೀಸಾ ಆಗದೇ ಇರುವುದು ಒಳ್ಳೆಯದೇ ಆಯಿತು. ಸಿಂಗಾಪುರದ ಇ-ವೀಸಾ ಪಾಸ್‌ಪೋರ್ಟ್ ನಂಬರಿನ ಮೇಲೆ ಬರುತ್ತದೆ. ಹೊಸ ಪಾಸ್‌ಪೋರ್ಟ್‌ಗೆ ನಂಬರೂ ಹೊಸದು. ಆದ್ದರಿಂದ ಮೊದಲು ಪಾಸ್‌ಪೋರ್ಟ್, ಆಮೇಲೆ ವೀಸಾ. ಟಿಕೆಟಿನಲ್ಲಿ ಹಳೆಯ ನಂಬರು ಕೊಟ್ಟಿದ್ದರೆ ವಿಮಾನ ಸಂಸ್ಥೆಗೆ ಹೇಳಿ ಬದಲಾಯಿಸಿಕೊಳ್ಳಿ.

ಅಂದ ಹಾಗೆ, ನಿಮ್ಮ ಯಜಮಾನರ ಪಾಸ್‌ಪೋರ್ಟ್ ಬಗ್ಗೆ ನೀವು ಏನೂ ಬರೆದಿಲ್ಲ. ಇಬ್ಬರೂ ಒಟ್ಟಿಗೆ ಮಾಡಿಸಿದ್ದರೆ ಅವರದ್ದೂ ಇದೇ ಕಥೆ ಇರಬಹುದು. ಬೀರು ತೆಗೆದು ನೋಡಿ.

ಪ್ರಶ್ನೆ: ಮಗಳು ಅಮೆರಿಕದಲ್ಲಿದ್ದಾಳೆ. ನನ್ನ ಹಳೆಯ ಪಾಸ್‌ಪೋರ್ಟ್ ಮುಗಿದು ಹೊಸದು ಬಂದಿದೆ. ಆದರೆ ಹತ್ತು ವರ್ಷದ ವೀಸಾ ಹಳೆಯದರಲ್ಲೇ ಇದೆ. ಮತ್ತೆ ವೀಸಾಕ್ಕೆ ದುಡ್ಡು ಕಟ್ಟಬೇಕೇ?
– ನಿವೃತ್ತ ಶಿಕ್ಷಕರು, ಮೈಸೂರು

ಬೇಡ ಮೇಷ್ಟ್ರೇ. ವೀಸಾದ ಅವಧಿ ಮುಗಿದಿಲ್ಲ, ಅದು ಹರಿದಿಲ್ಲ ಎಂದಾದರೆ ಎರಡೂ ಪಾಸ್‌ಪೋರ್ಟ್ ಒಟ್ಟಿಗೆ ಹಿಡಿದು ಹೋಗಿ. ಹಳೆಯದರಲ್ಲಿರುವ ವೀಸಾ ನಡೆಯುತ್ತದೆ. ಅದನ್ನು ಕಿತ್ತು ಹೊಸದಕ್ಕೆ ಅಂಟಿಸುವ ಸಾಹಸ ಮಾತ್ರ ಬೇಡ. ಕಿತ್ತರೆ ವೀಸಾ ಹೋದಂತೆಯೇ. ಎರಡನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ, ಸೂಟ್‌ಕೇಸಿಗೆ ಹಾಕಬೇಡಿ.

ನಿಮ್ಮದು ಹೊಸ ಪಾಸ್‌ಪೋರ್ಟ್, ಚಿಂತೆಯಿಲ್ಲ. ನಿಮ್ಮಂತೆ ಮಕ್ಕಳ ಮನೆಗೆ ಹೋಗುವ ಬೇರೆ ತಂದೆ ತಾಯಂದಿರಿಗೆ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಮೆರಿಕ ಆರು ತಿಂಗಳ ನಿಯಮದಿಂದ ವಿನಾಯಿತಿ ಕೊಟ್ಟಿದೆ. ಅಲ್ಲಿ ಇರುವಷ್ಟು ದಿನ ಪಾಸ್‌ಪೋರ್ಟ್ ಚಾಲ್ತಿಯಲ್ಲಿದ್ದರೆ ಸಾಕು. ಆದರೆ ನಾಲ್ಕೇ ತಿಂಗಳು ಉಳಿದ ಪಾಸ್‌ಪೋರ್ಟ್ ಹಿಡಿದು ಹೋದರೆ, ಅಲ್ಲಿನ ಅಧಿಕಾರಿ ಅದು ಮುಗಿಯುವ ದಿನದವರೆಗೆ ಮಾತ್ರ ಇರಲು ಬಿಡಬಹುದು. ಮಗಳ ಬಾಣಂತನಕ್ಕೆಂದು ಆರು ತಿಂಗಳ ಲೆಕ್ಕ ಹಾಕಿ ಹೊರಟವರಿಗೆ ಇದು ಕಷ್ಟ. ಅಲ್ಲಿ ಎಲ್ಲಿಯವರೆಗೆ ಇರಬಹುದು ಎಂದು ತೋರಿಸುವ ಐ-94 ದಾಖಲೆಯಲ್ಲಿ ಯಾವ ತಾರೀಕು ಇದೆ ಎಂದು ಇಳಿದ ಮೇಲೆ ಆನ್‌ಲೈನಿನಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ಬೇಸಿಗೆ ರಜೆಗೆ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್‌ಗೆ ಹೋಗಬೇಕೆಂದಿದ್ದೇವೆ. ನಮ್ಮಿಬ್ಬರ ಪಾಸ್‌ಪೋರ್ಟ್ 2031ರವರೆಗೆ ಇದೆ. ಬೇರೇನು ನೋಡಬೇಕು? ಮಗನಿಗೆ ಆರು ವರ್ಷ.
– ಐಟಿ ಉದ್ಯೋಗಿ, ಬೆಂಗಳೂರು

ಮೊದಲು ಮಗನ ಪಾಸ್‌ಪೋರ್ಟ್ ನೋಡಿ. ಅಪ್ಪ ಅಮ್ಮ ತಮ್ಮದನ್ನು ನೋಡಿ ಸುಮ್ಮನಾಗುವುದೇ ಹೆಚ್ಚು. ದೊಡ್ಡವರದ್ದು ಹತ್ತು ವರ್ಷ ಇರುತ್ತದೆ, ಚಿಕ್ಕ ಮಕ್ಕಳದ್ದು ಐದೇ ವರ್ಷ. ಮಗು ಹುಟ್ಟಿದ ವರ್ಷವೇ ಮಾಡಿಸಿದ್ದರೆ ಈಗಾಗಲೇ ಮುಗಿದಿರುತ್ತದೆ.

ನೀವು ಹೇಳಿದ ಎರಡೂ ದೇಶಗಳು ಷೆಂಗೆನ್ ಗುಂಪಿನವು, ಒಂದೇ ವೀಸಾ ಸಾಕು. ಅಲ್ಲಿ ಲೆಕ್ಕ ಬೇರೆ. ಷೆಂಗೆನ್ ಪ್ರದೇಶದಿಂದ ಹೊರಡುವ ದಿನದಿಂದ ಮುಂದಕ್ಕೆ ಮೂರು ತಿಂಗಳು ಇರಬೇಕು. ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು. ವೀಸಾಕ್ಕೆ ಎರಡು ಪುಟ ಖಾಲಿ ಬೇಕು. ಕಂಪನಿ ಕೆಲಸಕ್ಕೆ ಜಾಸ್ತಿ ಓಡಾಡುವವರ ಪುಸ್ತಕದಲ್ಲಿ ಇದೇ ಸಮಸ್ಯೆ, ಅವಧಿ ಬೇಕಾದಷ್ಟಿರುತ್ತದೆ, ಪುಟ ಇರುವುದಿಲ್ಲ. ದಕ್ಷಿಣ ಆಫ್ರಿಕಾಕ್ಕೂ ಎರಡು ಖಾಲಿ ಪುಟ ಕೇಳುತ್ತಾರೆ. ಪುಟ ಮುಗಿದಿದ್ದರೂ ಮಾಡಿಸಬೇಕಾದದ್ದು ರೀ-ಇಶ್ಯೂವೇ. ನಿಮ್ಮಂಥವರು 60 ಪುಟದ್ದನ್ನೇ ಕೇಳಿ.

ಪ್ರಶ್ನೆ: ನಾವು ಎಂಟು ಜನ ಪಶುಪತಿನಾಥನ ದರ್ಶನಕ್ಕೆ ವಿಮಾನದಲ್ಲಿ ಕಠ್ಮಂಡುವಿಗೆ ಹೋಗುತ್ತಿದ್ದೇವೆ. ಯಾರ ಹತ್ತಿರವೂ ಪಾಸ್‌ಪೋರ್ಟ್ ಇಲ್ಲ. ಆಧಾರ್ ಸಾಕೇ?
– ಯಾತ್ರೆಗೆ ಹೊರಟವರು, ಶಿರಸಿ

ನಿಮ್ಮಲ್ಲಿ 65 ದಾಟಿದವರಿಗೆ, 15ರೊಳಗಿನ ಮಕ್ಕಳಿಗೆ ಸಾಕು. ಉಳಿದವರಿಗೆ ಆಧಾರ್ ನಡೆಯುವುದಿಲ್ಲ. ಅವರು ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಒಯ್ಯಬೇಕು. ಮೂಲ ಚೀಟಿಯೇ ಬೇಕು, ಮೊಬೈಲಿನಲ್ಲಿ ತೆಗೆದ ಫೋಟೊ ತೋರಿಸಿದರೆ ಆಗದು. ಟಿಕೆಟಿನಲ್ಲಿರುವ ಹೆಸರು ಮತ್ತು ಚೀಟಿಯಲ್ಲಿರುವ ಹೆಸರು ಒಂದೇ ಇದೆಯೇ ಎಂದು ಎಂಟೂ ಜನರದ್ದನ್ನು ಮನೆಯಲ್ಲೇ ಕೂತು ತಾಳೆ ನೋಡಿಕೊಳ್ಳಿ.